ಕಠಿಣ ಹೊಣೆಗಾರಿಕೆ
ಅಪಾಯಕಾರಿ ವಸ್ತುವನ್ನು ತನ್ನ ಜಾಗದಲ್ಲಿ ಕೂಡಿಟ್ಟವನು, ಅದು ಹೊರಬಿದ್ದು ಪರರಿಗೆ ನಷ್ಟವಾದರೆ ಅಲಕ್ಷ್ಯ ರುಜುವಾಗದಿದ್ದರೂ ಪರಿಹಾರ ಕೊಡಬೇಕೆನ್ನುವ ಅಪಕೃತ್ಯ ಕಾನೂನಿನ ತತ್ತ್ವ. ಇಂಗ್ಲೆಂಡಿನ ರೈಲ್ಯಾಂಡ್ಸ್–ಫ್ಲೆಚರ್ ಪ್ರಕರಣದಲ್ಲಿ (1868) ನೆಲೆಗೊಂಡಿತು. ಅಲ್ಲಿ ಗಿರಣಿಯ ಜಲಾಶಯದ ನೀರು ನೆರೆಯ ಕಲ್ಲಿದ್ದಲ ಗಣಿಗೆ ನುಗ್ಗಿತ್ತು.

ಶಿಕಾರಿಪುರ, ಸೊರಬದಂಥ ಕೆರೆಗಳ ಸೀಮೆಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲ್ವೆಗೆ ಹಾನಿಯಾದಾಗ, ಪ್ರಿವಿ ಕೌನ್ಸಿಲ್ 1874ರಲ್ಲಿ, ಕೆರೆ ಕಾಯುವುದು ಜಮೀನ್ದಾರರಿಗೆ ಪರಂಪರೆಯಿಂದ ಬಂದ ಕರ್ತವ್ಯ, ಆದ್ದರಿಂದ ಅಲಕ್ಷ್ಯವನ್ನು ತೋರಿಸಲೇಬೇಕು ಎಂದಿತು. ನೆಲದ ರೀತಿ ಅರಿತು ಕೊಟ್ಟ ತೀರ್ಪು ಅದು.

ಶಿವಮೊಗ್ಗ ಜಿಲ್ಲೆಯ ಪ್ರಸಿದ್ಧ ಪ್ರಕರಣದಲ್ಲಿ ಹರಿದದ್ದು ನೀರಲ್ಲ, ಕಾಕಂಬಿ. ಶಿವಮೊಗ್ಗ ಪಟ್ಟಣದಂಚಿನ ಸಕ್ಕರೆ ಕಾರ್ಖಾನೆಯೊಂದು ಅದನ್ನು ಮಣ್ಣಿನ ಏರಿಯ ತೊಟ್ಟಿಯಲ್ಲಿ ತುಂಬಿಟ್ಟಿತ್ತು. ಇಲಿ ಹೆಗ್ಗಣಗಳು ಕೊರೆದ ಏರಿ ಒಡೆದು ಕಾಕಂಬಿ ನಾಲೆಗಿಳಿಯಿತು, ಪಕ್ಕದ ಭತ್ತ ಮತ್ತು ಕಬ್ಬಿನ ಬೆಳೆ ಹಾಳಾಯಿತು. ಮುಕೇಶ್ ಟೆಕ್ಸ್‌ಟೈಲ್ ಮಿಲ್ಸ್ ಪ್ರಕರಣವೆಂದು 1987ರಲ್ಲಿ ವರದಿಯಾದ ಈ ತೀರ್ಪಿನಲ್ಲಿ ಕರ್ನಾಟಕ ಹೈಕೋರ್ಟ್ ಕಾರ್ಖಾನೆಯನ್ನೇ ಹೊಣೆ ಮಾಡಿತು.

ದೈವಕೃತ ಘಟನೆ, ಮೂರನೆಯವರ ಕೃತ್ಯ, ನೊಂದವರದೇ ತಪ್ಪು ಮೊದಲಾದ ವಿನಾಯಿತಿಗಳು ಹಳೆಯ ತತ್ತ್ವಕ್ಕಿವೆ. ದೆಹಲಿಯ ಓಲಿಯಂ ಅನಿಲ ಸೋರಿಕೆ ಕುರಿತ ಎಂ.ಸಿ. ಮೆಹ್ತಾ ತೀರ್ಪು (1986) ಅಪಾಯಕಾರಿ ಉದ್ಯಮಗಳಿಗೆ ಇವನ್ನು ನಿರಾಕರಿಸಿ ‘ಪೂರ್ಣ ಹೊಣೆ’ ಹೊರಿಸಿತು. ಹೊಲಗದ್ದೆಗಳ ಮೇಲೆ ತಂತಿ ಹಾದಿರುವ ಹಳ್ಳಿಗಳಿಗೆ ಇದಕ್ಕಿಂತ ಹತ್ತಿರದ್ದು 2002ರ ಶೈಲ್ ಕುಮಾರಿ ತೀರ್ಪು: ಕಡಿದುಬಿದ್ದ ತಂತಿ ತಗುಲಿ ಯಾರಾದರೂ ಸತ್ತರೆ, ಬೇರೆಯವರು ಕಳ್ಳತನದಿಂದ ವಿದ್ಯುತ್ ಎಳೆದಿದ್ದರೆಂಬ ನೆಪ ವಿದ್ಯುತ್ ಮಂಡಳಿಯನ್ನು ಹೊಣೆಯಿಂದ ಬಿಡಿಸದು.