ರೇವಾಲ್ ನಡೆಯ ಕುದುರೆ

ಮಾರವಾಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ನಗರವಾಸಿಗಳಿಗೆ ಚಿಕ್ಕಪೇಟೆಯ ಜವಳಿ ಅಂಗಡಿ ನೆನಪಿಗೆ ಬರುವುದು ಸಹಜವೇ ಆಗಿದೆ. ಶ್ರೋತೃಮಹಾಶಯರು ಇಂದು ಸ್ವಲ್ಪ ಹೊತ್ತು ಆ ಅಂಗಡಿಯನ್ನು ಮರೆತು, ಆ ಹೆಸರು ಹುಟ್ಟಿದ ಮರಳುಸೀಮೆಗೆ ನಮ್ಮೊಡನೆ ಬರಬೇಕೆಂದು ಕೋರುತ್ತೇವೆ. ಜೋಧಪುರದ ಪಶ್ಚಿಮಕ್ಕೆ, ಲೂಣಿ ನದಿಯ ಒಣಪಾತ್ರದ ಆಚೀಚೆ ಹರಡಿರುವ ಮಾಲಾನಿ ಎಂಬ ಪ್ರದೇಶವು ಒಂದು ಜಾತಿಯ ಕುದುರೆಗೆ ತವರು. ಹಳೆಯ ಬರೆಹಗಳಲ್ಲಿ ಇದಕ್ಕೆ ಮಾಲಾನಿ ಕುದುರೆ ಎಂದೇ ಹೆಸರು. ಮಾರವಾಡಿ ಕುದುರೆ ಎಂಬುದು ಈಗಿನ ರೂಢಿ. ಇದನ್ನು ಗುರುತಿಸಲು ಅಶ್ವಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. ಎರಡು ಕಿವಿಗಳ ತುದಿಗಳೂ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತೆ ನಿಂತಿರುತ್ತವೆ. ಎದುರಿನಿಂದ ನೋಡಿದರೆ ನೆತ್ತಿಯ ಮೇಲೆ ಪುಟ್ಟದೊಂದು ಕಮಾನು ಕಟ್ಟಿದಂತೆ ಕಾಣುತ್ತದೆ. ಕಂಡವರೆಲ್ಲರೂ ಈ ಕಿವಿಯನ್ನೇ ಹೊಗಳುತ್ತಾರೆ. ನಾವು ಹೇಳಹೊರಟಿರುವುದು ಕಾಲಿನ ವಿಷಯ.

ಕುದುರೆಯು ಕುಕ್ಕುಲೋಟದಲ್ಲಿ ಹೋಗುವಾಗ ಒಂದು ಮುಂಗಾಲೂ ಅದಕ್ಕೆ ಎದುರು ಮಗ್ಗುಲಿನ ಹಿಂಗಾಲೂ ಒಟ್ಟಿಗೆ ನೆಲಬಿಟ್ಟು ಒಟ್ಟಿಗೆ ನೆಲಮುಟ್ಟುತ್ತವೆ. ಜೋಡಿ ಬದಲಾಗುವ ನಡುವೆ ಒಂದು ಕ್ಷಣ ನಾಲ್ಕು ಕಾಲುಗಳೂ ಗಾಳಿಯಲ್ಲಿರುವುದರಿಂದ ಬೆನ್ನು ಎಗರುತ್ತದೆ. ಬೆನ್ನಿನೊಡನೆ ಸವಾರನೂ ಎಗರುತ್ತಾನೆ. ಮೊದಲ ಸಲ ಕುದುರೆ ಹತ್ತಿದವರಿಗೆ ಮರುದಿನ ಕುಳಿತುಕೊಳ್ಳಲಾಗದ ಸ್ಥಿತಿಯುಂಟಾಗುವುದು ಈ ಓಟದ ಪ್ರಸಾದವೇ. ಮೃದುನಡೆಯ ಕುದುರೆಯ ರೀತಿ ಬೇರೆ. ಅದು ಒಂದೇ ಮಗ್ಗುಲಿನ ಎರಡು ಕಾಲುಗಳನ್ನು, ಹಿಂದಿನದು ತುಸು ಮುಂಚೆ ಮುಂದಿನದು ತುಸು ತಡವಾಗಿ, ಒಂದರ ಬೆನ್ನಿಗೊಂದು ಇಡುತ್ತದೆ. ಒಂದಲ್ಲ ಒಂದು ಕಾಲು ಯಾವಾಗಲೂ ನೆಲದ ಮೇಲಿರುವುದರಿಂದ ಬೆನ್ನು ಎಗರುವುದಿಲ್ಲ; ತೊರೆಯ ಮೇಲೆ ದೋಣಿ ಸರಿದಂತೆ ಸರಿಯುತ್ತದೆ. ಮಾರವಾಡದವರು ಈ ನಡೆಯನ್ನು ರೇವಾಲ್ ಎನ್ನುತ್ತಾರೆ. ಇದು ನಿಧಾನದ ನಡೆಯೆಂದು ಯಾರೂ ಭಾವಿಸಬಾರದು. ಕುಕ್ಕುಲೋಟದ ವೇಗ ಇದಕ್ಕಿದೆ. ಕುಲುಕಾಟ ಮಾತ್ರ ಇಲ್ಲ. ದಿನವಿಡೀ ಮರಳಿನಲ್ಲಿ ಸಾಗಬೇಕಾದವನಿಗೆ, ಒಂದು ಕೈಯಲ್ಲಿ ಈಟಿಯನ್ನೂ ಮತ್ತೊಂದರಲ್ಲಿ ಲಗಾಮನ್ನೂ ಹಿಡಿದವನಿಗೆ, ಗಾಯಗೊಂಡು ಜೀನಿನ ಮೇಲೆ ಒರಗಿದವನಿಗೆ ಈ ನಡೆಯು ಭೋಗವಲ್ಲ, ಪ್ರಾಣಾಧಾರ.

ಕುದುರೆಯ ಗತಿಗಳನ್ನು ವಿಂಗಡಿಸಿ ನೋಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಅಮರಕೋಶವು ಅಶ್ವಗತಿಗಳನ್ನು ಐದು ಧಾರೆಗಳಾಗಿ ಹೆಸರಿಸುತ್ತದೆ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿಯೇ ಬಂದಿದೆ. ಕನ್ನಡದಲ್ಲಿಯೂ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು; ಪದ್ಮಣಪಂಡಿತನು ಹಯಸಾರಸಮುಚ್ಚಯವನ್ನು ರಚಿಸಿದನು. ಶಾಸ್ತ್ರ ನಮ್ಮಲ್ಲಿತ್ತು, ಆದರೆ ಕುದುರೆ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ವಿಜಯನಗರದ ಅರಸರು ಅರಬಸ್ತಾನದಿಂದಲೂ ಹೊರ್ಮುಜಿನಿಂದಲೂ ಹಡಗುಗಟ್ಟಲೆ ಕುದುರೆಗಳನ್ನು ತರಿಸಿ, ಮೊದಲು ಅರಬ್ಬರಿಗೂ ಆಮೇಲೆ ಪೋರ್ತುಗೀಸರಿಗೂ ಹೊನ್ನು ಸುರಿದರು. ತರಿಸಿದ ಕುದುರೆ ಸತ್ತರೆ ಇನ್ನೊಂದನ್ನು ತರಿಸುವುದೇ ಇಲ್ಲಿನ ಪದ್ಧತಿಯಾಗಿತ್ತು. ಮಾರವಾಡಕ್ಕೆ ಬಂದರೂ ಇರಲಿಲ್ಲ, ಅಷ್ಟು ಹೊನ್ನೂ ಇರಲಿಲ್ಲ. ಒಣಹವೆ, ಗಟ್ಟಿನೆಲ, ವಿರಳವಾದರೂ ಸತ್ತ್ವವುಳ್ಳ ಹುಲ್ಲು ಇವು ಮಾತ್ರ ಇದ್ದವು. ಆದುದರಿಂದ ಅಲ್ಲಿನವರು ತಾವೇ ಸಾಕಿ ಬೆಳೆಸಿದರು.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕನೋಜಿನ ರಾಜ್ಯ ಬಿದ್ದ ತರುವಾಯ ರಾಠೋಡರು ಪಶ್ಚಿಮದ ಮರುಭೂಮಿಗೆ ವಲಸೆ ಬಂದರೆಂದು ಆ ವಂಶದ ಐತಿಹ್ಯ ಹೇಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಆ ಕುಲದ ಮಲ್ಲಿನಾಥನು ಆಳಿದ ಸೀಮೆಯೇ ಮಾಲಾನಿ. ಅವನಿಂದಲೇ ಅದಕ್ಕೆ ಆ ಹೆಸರು. ಅಲ್ಲಿಯ ಠಾಕೂರರು ತಮ್ಮ ತಮ್ಮ ಠಿಕಾಣೆಗಳಲ್ಲಿ ಲಾಯಗಳನ್ನಿಟ್ಟು ಕುದುರೆಗಳನ್ನು ಬೆಳೆಸಿದರು. ವಂಶಾವಳಿಯ ಪುಸ್ತಕ ಅಚ್ಚಾಗದ ಕಾಲದಲ್ಲಿ ಯಾವ ಕುದುರೆ ಯಾವುದರ ಮರಿ ಎಂಬುದು ಸಾಕಿದವರ ನೆನಪಿನಲ್ಲಿರುತ್ತಿತ್ತು. ಇದರೊಡನೆ ಲಕ್ಷಣಪರೀಕ್ಷೆಯೂ ಇತ್ತು. ನಮ್ಮ ರೈತನು ಎತ್ತು ಕೊಳ್ಳುವಾಗ ಸುಳಿ ನೋಡುವುದಿಲ್ಲವೆ? ಮಾರವಾಡದಲ್ಲಿ ಕುದುರೆಗೂ ಅದೇ ಕಟ್ಟಳೆ. ಕುತ್ತಿಗೆಯ ಮೇಲಿನ ನೀಳವಾದ ಸುಳಿಗೆ ದೇವಮಣ್ ಎಂದು ಹೆಸರು, ಅದು ಶುಭ. ಕಣ್ಣಿನ ಕೆಳಗೆ ಸುಳಿಯಿದ್ದರೆ ಅಶುಭ. ಹಣೆಯಲ್ಲಿ ಬಿಳಿಯ ಪಟ್ಟೆಯೂ ನಾಲ್ಕು ಕಾಲುಗಳಲ್ಲಿ ಬಿಳುಪೂ ಇದ್ದುದು ಪಂಚಕಲ್ಯಾಣಿ. ಅಚ್ಚಕಪ್ಪು ಕುದುರೆ ಮೃತ್ಯುವಿನ ಬಣ್ಣದ್ದೆಂದು ಬೇಡವಾದುದು. ಇದನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರತಿಯೊಂದು ಕುದುರೆಯ ಮೈಯನ್ನೂ ಇಷ್ಟು ಸೂಕ್ಷ್ಮವಾಗಿ ಓದಿದ ಜನರು ಅದರ ನಡೆಯನ್ನು ಓದದೆ ಬಿಟ್ಟಿರಲಾರರು.

ಈ ಕುದುರೆ ರಣರಂಗವನ್ನು ಬಿಟ್ಟು ಬರುವುದು ಗೆದ್ದಾಗ, ಇಲ್ಲವೆ ಗಾಯಗೊಂಡ ಒಡೆಯನನ್ನು ಹೊತ್ತಾಗ. ಇವೆರಡೂ ಆಗದಿದ್ದರೆ ಅಲ್ಲಿಯೇ ಸಾಯುತ್ತದೆ ಎಂಬ ನಂಬಿಕೆ ರಜಪೂತರಲ್ಲಿದೆ. 1576ರ ಹಳದೀಘಾಟಿನ ಕಾಳಗದಲ್ಲಿ ರಾಣಾ ಪ್ರತಾಪನನ್ನು ಹೊತ್ತುತಂದು ಪ್ರಾಣಬಿಟ್ಟ ಚೇತಕನ ಕಥೆಯನ್ನು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ. ಅದು ಚಾರಣರ ಬಾಯಲ್ಲಿ ಬೆಳೆದ ಕಥೆ. ಚೇತಕನು ಈ ತಳಿಯವನೇ ಎಂದು ನಾವು ಪ್ರಮಾಣ ಮಾಡಲಾರೆವು. ಕಥೆಯು ಜನಮನದಲ್ಲಿ ನಿಂತಿರುವುದೂ ಇತಿಹಾಸದ ಒಂದು ಸಂಗತಿಯೇ ಎಂದಷ್ಟೇ ಹೇಳಿ ಮುಂದೆ ಹೋಗೋಣ.

ಆಂಗ್ಲರ ಆಳ್ವಿಕೆಯಲ್ಲಿ ಈ ತಳಿಗೆ ಮೊದಲ ಪೆಟ್ಟು ಬಿದ್ದಿತು. ಅವರ ಸೇನಾಧಿಕಾರಿಗಳಿಗೆ ಆಸ್ಟ್ರೇಲಿಯದಿಂದ ಬರುತ್ತಿದ್ದ ವೇಲರ್ ಕುದುರೆಯೂ ತಮ್ಮ ದೇಶದ ಥರೋಬ್ರೆಡ್ ಕುದುರೆಯೂ ಮೆಚ್ಚಿಕೆ. ಮಾರವಾಡಿ ಕುದುರೆಯ ಬಾಗುಕಿವಿ ಅವರ ಹಾಸ್ಯಕ್ಕೆ ಗುರಿಯಾಯಿತು. ಪ್ರಭುಗಳ ರುಚಿಯೇ ಪ್ರಜೆಗಳ ರುಚಿಯಾಗುವುದು ಲೋಕಾರೂಢಿ. ದೇಶೀಯ ಶ್ರೀಮಂತರೂ ಪರದೇಶದ ಕುದುರೆಯನ್ನು ಕಟ್ಟುವುದೇ ಘನತೆಯೆಂದುಕೊಂಡರು. ಜೋಧಪುರದವರ ಅಶ್ವವಿದ್ಯೆ ಮಾತ್ರ ಕುಂದಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಜೋಧಪುರದ ಲಾನ್ಸರ್ಸ್ ದಳವು ಊರಿನ ಮೇಲೆ ನುಗ್ಗಿತು. ನಮ್ಮ ಮೈಸೂರು ಲಾನ್ಸರ್ಸ್ ದಳದ ಸವಾರರು ಕಾರ್ಮೆಲ್ ಬೆಟ್ಟವನ್ನೇರಿ ಶತ್ರುವಿನ ತೋಪುಗಳತ್ತ ಸಾಗಿದರು. ದೆಹಲಿಯ ತೀನ್ ಮೂರ್ತಿ ಚೌಕದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಸವಾರರವೇ ಎಂಬುದನ್ನು ಅಲ್ಲಿ ಹಾದುಹೋಗುವ ಕನ್ನಡಿಗರು ನೆನೆಯಬಹುದು.

1930ರ ದಶಕದ ಹೊತ್ತಿಗೆ ಒಳ್ಳೆಯ ಬೀಜದ ಕುದುರೆಗಳೇ ವಿರಳವಾಗಿದ್ದವು. ಆಗ ತಳಿಯನ್ನು ಕೈಹಿಡಿದವರು ಜೋಧಪುರದ ಮಹಾರಾಜ ಉಮೇದಸಿಂಹರು. ಕ್ಷಾಮಪರಿಹಾರದ ಕೆಲಸವಾಗಿ ದೊಡ್ಡ ಅರಮನೆಯನ್ನು ಕಟ್ಟಿಸಿದವರೆಂದು ಅವರ ಹೆಸರು ಪ್ರಸಿದ್ಧವಾಗಿದೆ. ಅಳಿಯುತ್ತಿದ್ದ ಈ ಜೀವವನ್ನು ಉಳಿಸಿದುದು ಆ ಕಲ್ಲಿನ ಕಟ್ಟಡಕ್ಕಿಂತ ಕಡಮೆಯ ಕೆಲಸವಲ್ಲವೆಂದು ನಮ್ಮ ಮತ. ಅವರು 1947ರಲ್ಲಿ ತೀರಿಕೊಂಡರು. ಎರಡು ವರ್ಷಗಳಲ್ಲಿ ಸಂಸ್ಥಾನವು ರಾಜಸ್ಥಾನದಲ್ಲಿ ಲೀನವಾಯಿತು; 1952ರ ಕಾನೂನು ಜಾಗೀರುಗಳನ್ನು ತೆಗೆದುಹಾಕಿತು; 1971ರಲ್ಲಿ ರಾಜಧನವೂ ನಿಂತಿತು.

ಜಾಗೀರು ಹೋದುದು ನ್ಯಾಯವೇ. ಉಳುವವನಿಗೆ ಭೂಮಿ ದೊರೆತುದನ್ನು ಕುದುರೆಯ ನೆಪದಲ್ಲಿ ಹಳಿಯುವವರು ನಾವಲ್ಲ. ಆದರೆ ಆ ಜಾಗೀರಿನ ಆದಾಯದಲ್ಲಿಯೇ ನೂರಾರು ಲಾಯಗಳು ನಡೆಯುತ್ತಿದ್ದವು. ಅವುಗಳ ಮುಂದಿನ ಗತಿಯೇನೆಂದು ಯೋಚಿಸಿದವರಿಲ್ಲ. ಒಂದು ಕುದುರೆ ತಿನ್ನುವ ಹುಲ್ಲು ಕಾಳುಗಳಲ್ಲಿ ಒಂದು ಬಡ ಸಂಸಾರ ಬದುಕೀತು. ಸಾಕಲಾರದ ಠಾಕೂರರು ಸಿಕ್ಕಿದ ಬೆಲೆಗೆ ಮಾರಿದರು. ಕೆಲವು ಕುದುರೆಗಳನ್ನು ಗುಂಡಿಟ್ಟು ಕೊಂದರು. ಕೆಲವಕ್ಕೆ ಬೀಜ ಒಡೆಸಿ ಟಾಂಗಾಗಳಿಗೆ ಹೂಡಿದರು. ಊಳಿಗದ ಜನರನ್ನು ಕೀಳಾಗಿ ಕಂಡ ಒಡೆತನದ ಗುರುತಾಗಿ ಕುದುರೆ ಕಂಡದ್ದರಿಂದ ಅದರ ಅಳಿವಿಗೆ ಕಣ್ಣೀರು ಹಾಕಿದವರೂ ಬಹಳ ಮಂದಿ ಇರಲಿಲ್ಲ. ಇತ್ತ ಜೀಪು ಬಂದಿತು, ಟಾರು ರಸ್ತೆ ಬಂದಿತು. ಮರಳಿನಲ್ಲಿ ಇಪ್ಪತ್ತು ಹರದಾರಿ ಹೋಗಬೇಕಾದವನು ಇಲ್ಲದ ಮೇಲೆ ಅವನನ್ನು ದಣಿಯದಂತೆ ಹೊರುವ ನಡೆ ಯಾರಿಗೆ ಬೇಕು?

ರಸ್ತೆಯೇ ಮೃದುನಡೆಗೆ ಶತ್ರುವಾದುದಕ್ಕೆ ಬೇರೆ ಉದಾಹರಣೆಯೂ ಉಂಟು. ಅಮೆರಿಕದ ರೋಡ್ ಐಲೆಂಡ್ ಸೀಮೆಯಲ್ಲಿ ನ್ಯಾರಗ್ಯಾನ್ಸೆಟ್ ಪೇಸರ್ ಎಂಬ ಕುದುರೆ ಹದಿನೆಂಟನೆಯ ಶತಮಾನದಲ್ಲಿ ತನ್ನ ಸುಖಗತಿಗೆ ಹೆಸರಾಗಿತ್ತು. ವೆಸ್ಟ್ ಇಂಡೀಸಿನ ಕಬ್ಬಿನ ತೋಟದವರು ಅದನ್ನು ಮೇಲಿಂದ ಮೇಲೆ ಕೊಂಡೊಯ್ದರು. ಊರಿನಲ್ಲಿ ರಸ್ತೆಗಳು ಸುಧಾರಿಸಿ ಗಾಡಿಗಳು ಬಂದಾಗ ಗಾಡಿ ಎಳೆಯಲು ಕುಕ್ಕುಲೋಟದ ಕುದುರೆಯೇ ಲೇಸೆನಿಸಿತು. 1880ರ ಸುಮಾರಿಗೆ ಆ ತಳಿಯ ಕೊನೆಯ ಕುದುರೆಯೂ ಸತ್ತಿತು.

ಮಾರವಾಡಿ ಕುದುರೆಗೆ ಆ ಗತಿ ಬರಲಿಲ್ಲ. ಅದಕ್ಕೆ ಒಂದು ಕಾರಣ ಮದುವೆಯ ದಿಬ್ಬಣವೆಂದರೆ ಶ್ರೋತೃಗಳಿಗೆ ಆಶ್ಚರ್ಯವಾಗಬಹುದು. ಉತ್ತರದೇಶದಲ್ಲಿ ವರನು ಕುದುರೆ ಹತ್ತಿಯೇ ಬರಬೇಕು. ವಾದ್ಯಕ್ಕೆ ಹೆಜ್ಜೆ ಹಾಕುವ ಕುದುರೆಯಾದರೆ ಇನ್ನೂ ಸಂತೋಷ. ಅರಸರ ಲಾಯದಿಂದ ಹೊರಬಿದ್ದ ಕುದುರೆಯನ್ನು ಹಳ್ಳಿಯ ಸಾಮಾನ್ಯರು ಈ ಉದ್ಯೋಗದಿಂದ ಸಾಕಿಕೊಂಡರು. ಉಮೇದಸಿಂಹರ ಮೊಮ್ಮಗ ಗಜಸಿಂಹರು ಅಜ್ಜನ ಕೆಲಸವನ್ನು ಮುಂದುವರಿಸಿದರು. ಸರ್ಕಾರವು 1985ರಲ್ಲಿ ಹಿಸಾರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ಬಿಕಾನೇರಿನಲ್ಲಿ ಅದರ ಶಾಖೆಯಿದೆ. 1999ರಲ್ಲಿ ದುಂಡಲೋದದ ರಘುವೇಂದ್ರಸಿಂಹರೂ ಫ್ರಾನ್ಸೆಸ್ಕಾ ಕೆಲ್ಲಿ ಎಂಬ ವಿದೇಶೀಯ ಮಹಿಳೆಯೂ ಸೇರಿ ದೇಶೀಯ ಕುದುರೆಗಳ ಸಂಘವೊಂದನ್ನು ಕಟ್ಟಿದರು. 2000ದಿಂದ 2006ರವರೆಗೆ 21 ಕುದುರೆಗಳು ಹೊರದೇಶಕ್ಕೆ ಹೋದವು. ದೇಶದಲ್ಲಿ ಉಳಿದಿರುವುದೇ ಕಡಮೆಯೆಂಬ ಭಯದಿಂದ ಆಮೇಲೆ ಅಪ್ಪಣೆಯನ್ನು ತಡೆಹಿಡಿದರು. 2009ರಿಂದ ತಳಿಯ ದಾಖಲೆ ಕ್ರಮವಾಗಿ ಆರಂಭವಾಯಿತು: ಕುದುರೆಯನ್ನು ಪರೀಕ್ಷಿಸಿ, ಅಳತೆ ತೆಗೆದು, ಗುರುತುಗಳನ್ನು ಬರೆದುಕೊಂಡು, ಶೀತಮುದ್ರೆಯಿಂದ ಸಂಖ್ಯೆಯನ್ನೊತ್ತಿ, ಛಾಯಾಚಿತ್ರವನ್ನು ತೆಗೆಯುತ್ತಾರೆ.

ಇಷ್ಟೆಲ್ಲ ಆದುದು ಸಂತೋಷವೇ. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಶಂಕೆ ಉಳಿದಿದೆ. ಎತ್ತರವನ್ನು ಅಳೆಯಬಹುದು, ಸುಳಿಯನ್ನು ಎಣಿಸಬಹುದು, ಕಿವಿ ಛಾಯಾಚಿತ್ರದಲ್ಲಿ ಚೆನ್ನಾಗಿಯೇ ಬೀಳುತ್ತದೆ. ನಡೆಯು ಛಾಯಾಚಿತ್ರದಲ್ಲಿ ಬೀಳುವುದಿಲ್ಲ. ಪ್ರದರ್ಶನದಲ್ಲಿ ಎತ್ತರವೂ ಬಣ್ಣವೂ ಕಿವಿಯ ಬಾಗೂ ಬೆಲೆ ತಂದರೆ, ಸಾಕುವವನು ಅವುಗಳನ್ನೇ ಬೆಳೆಸುತ್ತಾನೆ, ಅವನನ್ನು ದೂರುವಂತಿಲ್ಲ.

ನಡೆಯು ಶಿಕ್ಷಣದಿಂದ ಪಳಗುವುದಾದರೂ ಅದರ ಬೇರು ಹುಟ್ಟಿನಲ್ಲಿದೆ ಎಂಬುದಕ್ಕೆ ಈಗ ಪ್ರಮಾಣ ದೊರೆತಿದೆ. 2012ರಲ್ಲಿ ಸ್ವೀಡನ್ನಿನ ವಿದ್ವಾಂಸರು ಐಸ್‌ಲೆಂಡಿನ ಕುದುರೆಗಳನ್ನು ಪರೀಕ್ಷಿಸಿ, ಕಾಲುಗಳ ಚಲನೆಯನ್ನು ಹೊಂದಿಸುವ ಬೆನ್ನುಹುರಿಯ ನರಕೋಶಗಳಲ್ಲಿ ಕೆಲಸಮಾಡುವ ಡಿಎಂಆರ್‌ಟಿ-3 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸವನ್ನು ಕಂಡುಹಿಡಿದರು. ಲೋಕದ ಹಲವು ಮೃದುನಡೆಯ ತಳಿಗಳಲ್ಲಿ ಅದೇ ವ್ಯತ್ಯಾಸ ಕಂಡುಬಂದಿತು; ಥರೋಬ್ರೆಡ್ಡಿನಲ್ಲಿ ಕಂಡುಬರಲಿಲ್ಲ. 2014ರಲ್ಲಿ ಮಾರವಾಡಿ ಕುದುರೆಯ ವಂಶವಾಹಿಗಳ ಸಮಗ್ರ ಓದು ಪ್ರಕಟವಾಯಿತು. ಅದರಲ್ಲಿ ಅರಬ್ಬಿ ಮತ್ತು ಮಂಗೋಲಿಯದ ಕುದುರೆಗಳ ಎರಡು ಮೂಲಗಳು ಬೆರೆತಿರುವುದು ತಿಳಿಯಿತು; ಬಾಗುಕಿವಿಗೆ ಕಾರಣವಾಗಿರಬಹುದಾದ ವಂಶವಾಹಿಯನ್ನೂ ಹೆಸರಿಸಿದರು. ನೋಡಿ, ಅಲ್ಲಿಯೂ ಕಿವಿಗೇ ಮೊದಲ ಮನ್ನಣೆ! ಎತ್ತರದ ಆಸೆಯಿಂದ ಥರೋಬ್ರೆಡ್ ರಕ್ತವನ್ನು ಬೆರೆಸಿದವನು ಒಂದು ಗೇಣು ಎತ್ತರವನ್ನು ಪಡೆದು, ಎಷ್ಟೋ ತಲೆಮಾರುಗಳವರು ಕೂಡಿಸಿಟ್ಟ ನಡೆಯನ್ನು ಒಂದೆರಡು ತಲೆಮಾರಿನಲ್ಲಿ ಕಳೆದುಕೊಳ್ಳುವ ಅಪಾಯವುಂಟು.

ಕಚ್ಛದ ರಣದ ಅಂಚಿನಲ್ಲಿ ಈ ವಿವೇಕ ಹೆಚ್ಚಾಗಿ ಉಳಿದಂತೆ ತೋರುತ್ತದೆ. ಅಲ್ಲಿಯ ಕಚ್ಛೀ-ಸಿಂಧಿ ಕುದುರೆಯನ್ನು ಪ್ರತ್ಯೇಕ ತಳಿಯೆಂದು ಈಚೆಗೆ ಮಾನ್ಯಮಾಡಿದ್ದಾರೆ. ಅದರ ಖ್ಯಾತಿಗೆ ರೇವಾಲ್ ನಡೆಯೇ ಕಾರಣ.

2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳ ಒಟ್ಟು ಸಂಖ್ಯೆ ಸುಮಾರು 3 ಲಕ್ಷ 40 ಸಾವಿರ. ಏಳು ವರ್ಷಗಳ ಹಿಂದೆ ಅದು 6 ಲಕ್ಷವನ್ನು ಮೀರಿತ್ತು. ಮಾರವಾಡಿ ಕುದುರೆಗಳು ಸುಮಾರು 33 ಸಾವಿರ. ಇಳಿಯುತ್ತಿರುವ ಈ ಸಂಖ್ಯೆಯನ್ನು ಕಂಡು ಬಿಕಾನೇರಿನ ವಿಜ್ಞಾನಿಗಳು ಒಂದು ಮಾರವಾಡಿ ಕುದುರೆಯ ಭ್ರೂಣವನ್ನು ತೆಗೆದು ಇನ್ನೊಂದು ಹೆಣ್ಣುಕುದುರೆಯ ಗರ್ಭದಲ್ಲಿರಿಸಿ ಬೆಳೆಸಿದರು. 2023ರ ಮೇ ತಿಂಗಳಿನಲ್ಲಿ ಆ ಮರಿ ಹುಟ್ಟಿತು. ರಾಜ್‌ಪ್ರಥಮ ಎಂದು ಹೆಸರಿಟ್ಟರು. ಹುಟ್ಟಿದೊಡನೆ ತೂಗಿ ನೋಡಿದಾಗ 23 ಕಿಲೋಗ್ರಾಂ ಇತ್ತು. ತೂಕವನ್ನು ಅಂದೇ ಬರೆದುಕೊಂಡರು. ಅಂತಹ ಮರಿ ಬೆಳೆದು, ಬೆನ್ನಿಗೆ ಜೀನು ಬಿಗಿಸಿಕೊಂಡು, ಚೈತ್ರಮಾಸದಲ್ಲಿ ಮಲ್ಲಿನಾಥನ ಹೆಸರಿನ ಜಾತ್ರೆ ಕೂಡುವ ತಿಲವಾಡೆಯ ಆ ಲೂಣಿ ನದಿಯ ಮರಳಿನಲ್ಲಿ ಒಬ್ಬ ಸವಾರನನ್ನು ಹೊತ್ತು ನಾಲ್ಕು ಹರದಾರಿ ಸಾಗಿದ ದಿನ, ಅದರ ನಡೆ ಎಂಥದೆಂದು ಜೀನಿನ ಮೇಲೆ ಕುಳಿತವನು ಹೇಳಬೇಕು.