ಗ್ರೇಟ್ ಓಷನ್ ರೋಡ್

ಗ್ರೇಟ್ ಓಷನ್ ರೋಡ್ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ನೈಋತ್ಯ ಕರಾವಳಿಯಲ್ಲಿ ಸಾಗುವ ಪ್ರಸಿದ್ಧ ರಸ್ತೆ. ಮೆಲ್ಬರ್ನ್ ನಗರದಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಟಾರ್ಕಿ ಪಟ್ಟಣದಲ್ಲಿ ಆರಂಭವಾಗುವ ಇದು ವಾರ್ನಂಬೂಲ್ ಸಮೀಪದ ಅಲನ್ಸ್‌ಫರ್ಡ್‌ನಲ್ಲಿ ಕೊನೆಗೊಳ್ಳುತ್ತದೆ. ಒಟ್ಟು ಉದ್ದ ಸುಮಾರು 243 ಕಿ.ಮೀ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸ್ಮಾರಕವಾಗಿ, ಯುದ್ಧದಿಂದ ಮರಳಿದ ಸೈನಿಕರೇ ಇದನ್ನು ನಿರ್ಮಿಸಿದರು. 2011ರಲ್ಲಿ ಇದು ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಮೆಲ್ಬರ್ನ್‌ನಿಂದ ಹೊರಟು ಅದೇ ದಿನ ಹಿಂದಿರುಗುವ ಪ್ರವಾಸಿ ಬಸ್ಸುಗಳು ಅನೇಕ ಇವೆ. ಆದರೆ ಈ ಕರಾವಳಿಯ ಪ್ರಾಣಿಗಳಲ್ಲಿ ಹೆಚ್ಚಿನವು ಮುಂಜಾನೆ ಅಥವಾ ಮುಸ್ಸಂಜೆಯ ಹೊತ್ತಿಗೆ ಹೊರಬರುವುದರಿಂದ, ದಾರಿಯಲ್ಲಿ ಡೇರೆ ಹಾಕಿ ಎರಡು ಮೂರು ರಾತ್ರಿ ತಂಗುವವರಿಗೆ ಕಾಣುವ ನೋಟವೇ ಬೇರೆ.

ನಿರ್ಮಾಣ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾರ್ನ್, ಅಪೊಲೊ ಬೇ ಮುಂತಾದ ಊರುಗಳಿಗೆ ಸಮುದ್ರ ಮಾರ್ಗ ಅಥವಾ ಕಾಡಿನ ಒರಟು ಹಾದಿಗಳ ಮೂಲಕ ಮಾತ್ರ ತಲುಪಬಹುದಾಗಿತ್ತು. ಯುದ್ಧ ಮುಗಿದಾಗ ಮರಳಿದ ಸೈನಿಕರಿಗೆ ಉದ್ಯೋಗ ಒದಗಿಸುವ ಅಗತ್ಯವೂ ಉಂಟಾಯಿತು. ಗೀಲಾಂಗ್ ನಗರದ ಮೇಯರ್ ಆಗಿದ್ದ ಹೊವಾರ್ಡ್ ಹಿಚ್‌ಕಾಕ್ ಅವರ ನೇತೃತ್ವದ ಟ್ರಸ್ಟ್ ಇದಕ್ಕಾಗಿ ಹಣ ಸಂಗ್ರಹಿಸಿತು. 1919ರಲ್ಲಿ ಕೆಲಸ ಆರಂಭವಾಯಿತು. ಸುಮಾರು 3,000 ಮಾಜಿ ಸೈನಿಕರು ಪಿಕಾಸಿ, ಸನಿಕೆ, ಕೈಗಾಡಿ ಮತ್ತು ಸಿಡಿಮದ್ದುಗಳ ನೆರವಿನಿಂದ ಬಂಡೆಗಳನ್ನು ಕಡಿದು ದಾರಿ ಮಾಡಿದರು.

ಈ ಕರಾವಳಿಯಲ್ಲಿ ವರ್ಷಗಟ್ಟಲೆ ಡೇರೆಯಲ್ಲಿ ಬಾಳಿದವರು ಇವರೇ. ಅವರ ಶಿಬಿರಗಳಲ್ಲಿ ಪಿಯಾನೊ, ಗ್ರಾಮಫೋನ್ ಮತ್ತು ಪತ್ರಿಕೆಗಳಿದ್ದವು. 1924ರಲ್ಲಿ ಕ್ಯಾಸಿನೊ ಎಂಬ ಹಬೆಹಡಗು ಕೇಪ್ ಪ್ಯಾಟನ್ ಬಳಿ ತಳಕ್ಕೆ ತಾಗಿ ನಿಂತಾಗ, ಭಾರ ಇಳಿಸಲೆಂದು ಅದರಲ್ಲಿದ್ದ ಬಿಯರ್ ಪೀಪಾಯಿಗಳನ್ನೂ ಮದ್ಯದ ಪೆಟ್ಟಿಗೆಗಳನ್ನೂ ನೀರಿಗೆ ಎಸೆಯಲಾಯಿತು. ಅವು ದಡಕ್ಕೆ ತೇಲಿಬಂದುದರಿಂದ ರಸ್ತೆಯ ಕೆಲಸ ಎರಡು ವಾರ ನಿಂತುಹೋಯಿತೆಂದು ಹೇಳಲಾಗುತ್ತದೆ.

ರಸ್ತೆಯು 1932ರ ನವೆಂಬರ್‌ನಲ್ಲಿ ಅಧಿಕೃತವಾಗಿ ಉದ್ಘಾಟನೆಗೊಂಡಿತು. ಹಿಚ್‌ಕಾಕ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ವಾಹನಗಳಿಂದ ಸಂಗ್ರಹಿಸುತ್ತಿದ್ದ ಸುಂಕ, ರಸ್ತೆ 1936ರಲ್ಲಿ ಸರ್ಕಾರದ ವಶಕ್ಕೆ ಬಂದಾಗ ರದ್ದಾಯಿತು.

ಮಾರ್ಗ

ಟಾರ್ಕಿಯ ಸಮೀಪದ ಬೆಲ್ಸ್ ಬೀಚ್ ಸರ್ಫಿಂಗ್ ಸ್ಪರ್ಧೆಗೆ ಹೆಸರಾಗಿದೆ. ಆಂಗ್ಲೆಸೀ ದಾಟಿದ ನಂತರ, ಈಸ್ಟರ್ನ್ ವ್ಯೂ ಎಂಬಲ್ಲಿ ಮರದ ಸ್ಮಾರಕ ಕಮಾನು ಇದೆ. ಲಾರ್ನ್‌ನಿಂದ ಅಪೊಲೊ ಬೇವರೆಗಿನ ಭಾಗವೇ ಇಡೀ ದಾರಿಯಲ್ಲಿ ಅತ್ಯಂತ ಕಿರಿದು, ಅತ್ಯಂತ ಸುಂದರ. ಒಂದು ಬದಿಗೆ ಬೆಟ್ಟದ ಗೋಡೆ, ಇನ್ನೊಂದು ಬದಿಗೆ ಸಮುದ್ರ. ಅಪೊಲೊ ಬೇ ನಂತರ ರಸ್ತೆ ಕಡಲನ್ನು ಬಿಟ್ಟು ಆಟ್ವೇ ಬೆಟ್ಟಗಳ ಮಳೆಕಾಡನ್ನು ಹೊಕ್ಕು, ಲೇವರ್ಸ್ ಹಿಲ್ ದಾಟಿ ಪ್ರಿನ್ಸ್‌ಟೌನ್ ಬಳಿ ಮತ್ತೆ ಕರಾವಳಿಯನ್ನು ಸೇರುತ್ತದೆ. ಈ ನಡುವಿನಲ್ಲಿ ದಕ್ಷಿಣಕ್ಕೆ ಕವಲೊಡೆಯುವ ದಾರಿ ಕೇಪ್ ಆಟ್ವೇ ದೀಪಸ್ತಂಭಕ್ಕೆ ಹೋಗುತ್ತದೆ. 1848ರಲ್ಲಿ ಬೆಳಗಿದ ಈ ದೀಪಸ್ತಂಭ ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು.

ಮುಂದಿನ ಪೋರ್ಟ್ ಕ್ಯಾಂಬೆಲ್ ಕರಾವಳಿ ಮೃದುವಾದ ಸುಣ್ಣಕಲ್ಲಿನದು. ಅಲೆಗಳು ಬಂಡೆಯನ್ನು ಕೊರೆದಾಗ ಮೊದಲು ಗುಹೆ, ಬಳಿಕ ಕಮಾನು ಉಂಟಾಗುತ್ತದೆ. ಕಮಾನು ಕುಸಿದಾಗ ನೀರಿನಲ್ಲಿ ಒಂಟಿ ಕಲ್ಲುಕಂಬ ಉಳಿಯುತ್ತದೆ. ಟ್ವೆಲ್ವ್ ಅಪಾಸಲ್ಸ್ ಎಂಬ ಕಂಬಗಳ ಗುಂಪು ಹೀಗೆಯೇ ರೂಪುಗೊಂಡಿದೆ. ಹೆಸರು ಹನ್ನೆರಡನ್ನು ಸೂಚಿಸಿದರೂ ಇದ್ದವು ಒಂಬತ್ತು. 2005ರ ಜುಲೈನಲ್ಲಿ ಒಂದು ಕುಸಿದು ಎಂಟು ಉಳಿದವು. 1990ರ ಜನವರಿಯಲ್ಲಿ ಲಂಡನ್ ಬ್ರಿಡ್ಜ್ ಎಂಬ ಶಿಲಾ ಸೇತುವೆಯ ಒಂದು ಕಮಾನು ಬಿದ್ದು, ಆಚೆ ತುದಿಯಲ್ಲಿ ಸಿಲುಕಿಕೊಂಡ ಇಬ್ಬರು ಪ್ರವಾಸಿಗರನ್ನು ಹೆಲಿಕಾಪ್ಟರ್ ಮೂಲಕ ರಕ್ಷಿಸಲಾಯಿತು. ಬೇಲಿ ದಾಟಿ ಬಂಡೆಯಂಚಿಗೆ ಹೋಗಬಾರದೆಂಬ ಫಲಕಗಳ ಹಿಂದೆ ಇಂಥ ಘಟನೆಗಳಿವೆ. ಸಮೀಪದ ಲಾಕ್ ಆರ್ಡ್ ಕಮರಿಗೆ, 1878ರ ಜೂನ್ 1ರಂದು ಇಲ್ಲಿ ಒಡೆದ ಹಡಗಿನ ಹೆಸರಿದೆ. ಹಡಗಿನಲ್ಲಿದ್ದ 54 ಮಂದಿಯಲ್ಲಿ ಬದುಕುಳಿದವರು ಇಬ್ಬರೇ.

ವನ್ಯಜೀವಿಗಳು

ಆಂಗ್ಲೆಸೀ ಊರಿನ ಗಾಲ್ಫ್ ಮೈದಾನದಲ್ಲಿ ಕಾಂಗರೂಗಳು ಹಿಂಡಾಗಿ ಮೇಯುತ್ತವೆ. ಟ್ವೆಲ್ವ್ ಅಪಾಸಲ್ಸ್ ಬಳಿಯ ಮರಳಿಗೆ ಕತ್ತಲಾಗುತ್ತಿದ್ದಂತೆ ಪುಟ್ಟ ಪೆಂಗ್ವಿನ್‌ಗಳು ಕಡಲಿನಿಂದ ಮರಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಎಂದರೆ ಅಲ್ಲಿನ ಚಳಿಗಾಲದಲ್ಲಿ, ವಾರ್ನಂಬೂಲ್‌ನ ಲೋಗನ್ಸ್ ಬೀಚ್ ಸಮೀಪ ದಕ್ಷಿಣದ ರೈಟ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಫಾರೆಸ್ಟ್ ಎಂಬ ಊರಿನ ಬಳಿಯ ಲೇಕ್ ಎಲಿಜಬೆತ್ 1952ರಲ್ಲಿ ಗುಡ್ಡ ಕುಸಿದು ಹೊಳೆಗೆ ಅಡ್ಡಲಾಗಿ ಬಿದ್ದುದರಿಂದ ಉಂಟಾದ ಸರೋವರ. ಇದರಲ್ಲಿ ಪ್ಲಾಟಿಪಸ್ ಕಾಣಬೇಕಾದರೆ ಬೆಳಗಿನ ಜಾವದಲ್ಲಿ ಸದ್ದಿಲ್ಲದೆ ಕಾಯಬೇಕು. ಮೆಲ್ಬಾ ಗಲ್ಲಿಯ ಕಾಡಿನಲ್ಲಿ ರಾತ್ರಿ ಹೊಳೆಯುವ ಜೀವಿಗಳು ನಮ್ಮ ಮಿಂಚುಹುಳುಗಳಲ್ಲ. ಅವು ಒಂದು ಬಗೆಯ ನೊಣದ ಮರಿಹುಳುಗಳು.

ಪ್ರವಾಸಿಗರು ಹೆಚ್ಚು ಹುಡುಕುವುದು ಕೋಲಾವನ್ನು. ಕೆನೆಟ್ ರಿವರ್ ಮತ್ತು ಕೇಪ್ ಆಟ್ವೇ ಇದಕ್ಕೆ ಹೆಸರಾದ ತಾಣಗಳು. ದಿನದ ಬಹುಭಾಗ ನಿದ್ರಿಸುವ ಈ ಪ್ರಾಣಿ ನೀಲಗಿರಿ ಜಾತಿಯ ಮರಗಳ ಕವಲಿನಲ್ಲಿ ಬೂದು ಗಂಟಿನಂತೆ ಕುಳಿತಿರುತ್ತದೆ. ಕೂಡುವ ಕಾಲದಲ್ಲಿ ಗಂಡು ಕೋಲಾ ರಾತ್ರಿ ಹೊರಡಿಸುವ ಹಂದಿಯಂಥ ಗುಟುರು ಡೇರೆಯಲ್ಲಿ ಮಲಗಿದ ಹೊಸಬರನ್ನು ಬೆಚ್ಚಿಬೀಳಿಸುವುದುಂಟು.

ಈ ಮುದ್ದಾದ ನೋಟಕ್ಕೆ ಕಹಿಯಾದ ಇನ್ನೊಂದು ಮುಖವಿದೆ. ಕೇಪ್ ಆಟ್ವೇಯ ಕೋಲಾಗಳು 1981ರಲ್ಲಿ ಫ್ರೆಂಚ್ ದ್ವೀಪದಿಂದ ತಂದುಬಿಟ್ಟ ಸುಮಾರು 75 ಪ್ರಾಣಿಗಳ ಸಂತತಿ. ಅವು ಬಹುವಾಗಿ ಇಷ್ಟಪಡುವ ಮ್ಯಾನಾ ಗಮ್ ಮರಗಳು ಅಲ್ಲಿ ಹೇರಳವಾಗಿದ್ದುದರಿಂದ ಸಂಖ್ಯೆ ಮಿತಿಮೀರಿ ಬೆಳೆಯಿತು. ಎಲೆಗಳೆಲ್ಲ ತೀರಿ ಮರಗಳು ಒಣಗಿದವು, ಪ್ರಾಣಿಗಳು ಹಸಿವಿನಿಂದ ಸಾಯತೊಡಗಿದವು. 2013–14ರಲ್ಲಿ ಬದುಕುವ ಸ್ಥಿತಿಯಲ್ಲಿಲ್ಲದ ಸುಮಾರು 700 ಕೋಲಾಗಳಿಗೆ ಅಧಿಕಾರಿಗಳು ದಯಾಮರಣ ನೀಡಿದರು. ವಿಷಯ 2015ರಲ್ಲಿ ಬಹಿರಂಗವಾದಾಗ ವಿವಾದ ಎದ್ದಿತು. ಅನಂತರ ಹೆಣ್ಣು ಕೋಲಾಗಳಿಗೆ ಸಂತಾನ ನಿಯಂತ್ರಣದ ಔಷಧ ಅಳವಡಿಸುವ ಕ್ರಮ ಕೈಗೊಳ್ಳಲಾಯಿತು. ದೀಪಸ್ತಂಭದ ದಾರಿಯಲ್ಲಿ ನಿಂತಿರುವ ಬೋಳು ಮರಗಳನ್ನು ಕಾಳ್ಗಿಚ್ಚಿನ ಗುರುತೆಂದು ಎಣಿಸುವವರಿದ್ದಾರೆ. ಅವುಗಳಲ್ಲಿ ಅನೇಕವು ಕೋಲಾಗಳೇ ಬರಿದು ಮಾಡಿದವು.

ಶಿಬಿರ ವಾಸ

ಗ್ರೇಟ್ ಆಟ್ವೇ ರಾಷ್ಟ್ರೀಯ ಉದ್ಯಾನದಲ್ಲಿ ಬ್ಲ್ಯಾಂಕೆಟ್ ಬೇ, ಏರ್ ರಿವರ್, ಜೊಹಾನಾ ಮೊದಲಾದ ಶಿಬಿರ ತಾಣಗಳಿವೆ. ಬೇಸಿಗೆಯ ರಜೆಯಲ್ಲಿ, ಎಂದರೆ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ, ಮುಂಗಡ ಕಾದಿರಿಸದೆ ಸ್ಥಳ ದೊರೆಯುವುದು ಕಷ್ಟ. ಅಪೊಲೊ ಬೇಯಿಂದ ಟ್ವೆಲ್ವ್ ಅಪಾಸಲ್ಸ್‌ವರೆಗೆ ಸುಮಾರು 100 ಕಿ.ಮೀ. ಉದ್ದದ ಕಾಲುಹಾದಿಯೂ ಇದ್ದು, ಅದರ ನಡಿಗೆ ಶಿಬಿರಗಳನ್ನು ಬಳಸುವವರು ಪೂರ್ವದಿಂದ ಪಶ್ಚಿಮಕ್ಕೆ ಮಾತ್ರ ಸಾಗಬೇಕು. ಅಲ್ಲಿ ತೊಟ್ಟಿಯ ಮಳೆನೀರನ್ನು ಕಾಯಿಸಿ ಅಥವಾ ಶುದ್ಧೀಕರಿಸಿ ಕುಡಿಯಬೇಕು. ಆಹಾರವನ್ನು ಡೇರೆಯ ಹೊರಗೆ ಇಟ್ಟರೆ ಪಾಸಮ್‌ಗಳ ಪಾಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಬೆಂಕಿಯ ನಿಯಮ. 1983ರ ಫೆಬ್ರವರಿ 16ರ ಕಾಳ್ಗಿಚ್ಚು ಈ ರಸ್ತೆಯ ಊರುಗಳನ್ನು ಸುಟ್ಟಿತು, ಸ್ಮಾರಕ ಕಮಾನು ಸಹ ಉರಿದುಹೋಯಿತು. ಈಗಿರುವುದು ಮತ್ತೆ ಕಟ್ಟಿದ ಕಮಾನು. 2015ರ ಡಿಸೆಂಬರ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಕ್ರಿಸ್‌ಮಸ್ ದಿನ ವೈ ರಿವರ್ ಮತ್ತು ಸೆಪರೇಷನ್ ಕ್ರೀಕ್‌ಗಳಲ್ಲಿ 116 ಮನೆಗಳನ್ನು ನಾಶಮಾಡಿತು. ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಪ್ರಾಣಹಾನಿ ಆಗಲಿಲ್ಲ. ಸಂಪೂರ್ಣ ಅಗ್ನಿನಿಷೇಧ ಘೋಷಿಸಿದ ದಿನ ಉದ್ಯಾನದೊಳಗೆ ಸೌದೆಯ ಬೆಂಕಿಯಷ್ಟೇ ಅಲ್ಲ, ಪ್ರವಾಸಿಗರು ತಂದ ಗ್ಯಾಸ್ ಒಲೆಯನ್ನೂ ಹಚ್ಚುವಂತಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಹೋಗುವವರು ಬೇಯಿಸದೆ ತಿನ್ನಬಹುದಾದ ಒಂದು ದಿನದ ಆಹಾರವನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಅಪಾಯದ ಮಟ್ಟ ಅತ್ಯುಚ್ಚ ಹಂತಕ್ಕೇರಿದ ದಿನ ಉದ್ಯಾನವನ್ನೇ ಮುಚ್ಚಲಾಗುತ್ತದೆ. ಅಂಥ ಮುನ್ಸೂಚನೆ ಬಂದಾಗ ಹಿಂದಿನ ಸಂಜೆಯೇ ಡೇರೆ ಕಿತ್ತು ಹೊರಡಬೇಕು, ಏಕೆಂದರೆ ಲಾರ್ನ್ ಮತ್ತು ಅಪೊಲೊ ಬೇ ನಡುವಿನ ಊರುಗಳಿಂದ ಹೊರಬರಲು ಇರುವ ಮುಖ್ಯ ದಾರಿ ಈ ಕಿರಿದಾದ ರಸ್ತೆಯೇ.