ಉದ್ರಿಯ ಕೇಬಲ್, ಮುಂಗಡದ ನೆಟ್

ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿರುವ ನೇಸರಗಿಯಲ್ಲಿ ಬಸ್ಸಿಳಿದು ಓಣಿಯೊಳಗೆ ಹೊಕ್ಕು ತಲೆಯೆತ್ತಿದರೆ ಕಂಬದಿಂದ ಕಂಬಕ್ಕೆ ಎರಡು ಬಗೆಯ ತಂತಿ ಕಾಣುತ್ತದೆ. ಒಂದು ಹಳೆಯ ಕರಿ ಕೇಬಲ್, ಅಲ್ಲಲ್ಲಿ ತುಂಡಾಗಿ ಬೇವಿನ ಟೊಂಗೆಗೆ ಸುತ್ತಿಕೊಂಡದ್ದು. ಇನ್ನೊಂದು ಅದಕ್ಕಿಂತ ತೆಳ್ಳಗಿನ ಹೊಸ ಫೈಬರ್. ಮನೆಯವರನ್ನು ಮಾತಾಡಿಸಿದರೆ ಕೇಳಿಬರುವ "ಕೇಬಲ್ ಬಿಡ್ಸೀವ್ರಿ, ಈಗ ಎಲ್ಲಾ ಮೊಬೈಲ್‌ನ್ಯಾಗ ನೋಡ್ತೀವಿ" ಎಂಬ ಮಾತು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯಾವ ಊರಲ್ಲೂ ಈಗ ಹೊಸತಲ್ಲ. ಜನರಿಗೆ ವೆಬ್ ಸರಣಿಗಳ ರುಚಿ ಹತ್ತಿತು, ಅದಕ್ಕೇ ಕೇಬಲ್ ಬಿಟ್ಟರು ಎಂದು ಬೆಂಗಳೂರಿನಲ್ಲಿ ಕೂತವರು ವಿವರಿಸುತ್ತಾರೆ. ಈ ಸೀಮೆಯ ಟಿವಿಯ ಕಥೆಯನ್ನು ಮೊದಲಿಂದ ನೋಡುತ್ತ ಬಂದರೆ ನನಗೆ ಕಾಣುವ ಕಾರಣ ಬೇರೆ: ಉದ್ರಿಯ ಮೇಲೆ ನಡೆದಿದ್ದ ಒಂದು ವ್ಯವಹಾರ ಮುಂಗಡ ಹಣದ್ದಾಯಿತು, ಆ ಮುಂಗಡವನ್ನು ಮೊಬೈಲ್ ಮೊದಲು ಎತ್ತಿಕೊಂಡಿತು.

ಟಿವಿ ಈ ನೆಲದ ಬಾಗಿಲ ತನಕ ಬಂದದ್ದು ಐವತ್ತು ವರ್ಷಗಳ ಹಿಂದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ನಾಸಾ ಎರವಲು ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಕಲಬುರ್ಗಿ, ರಾಯಚೂರು, ವಿಜಾಪುರ ಜಿಲ್ಲೆಗಳು. ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳನ್ನು ಊರಿಗೊಂದೇ ಪೆಟ್ಟಿಗೆಯ ಮುಂದೆ ಇಡೀ ಊರು ಕೂತು ನೋಡಿತು. ರಾಮದುರ್ಗದ ಗಡಿ ದಾಟಿದರೆ ಆಗಿನ ವಿಜಾಪುರ ಜಿಲ್ಲೆಯೇ ಆದರೂ ಬೆಳಗಾವಿ ಜಿಲ್ಲೆ ಪಟ್ಟಿಯಲ್ಲಿರಲಿಲ್ಲ. ನೇಸರಗಿಯ ಪಾಲಿಗೆ ಆಗ ಇದ್ದದ್ದು 1950ರ ಜನವರಿಯಲ್ಲಿ ಶುರುವಾಗಿದ್ದ ಧಾರವಾಡ ಆಕಾಶವಾಣಿ. ನಮ್ಮ ಮಾತಿನ ಧಾಟಿಯಲ್ಲೇ ಮಾತಾಡುತ್ತಿದ್ದ ಆ ರೇಡಿಯೋವನ್ನು ಇಲ್ಲಿ ನೆನೆಯಲು ಕಾರಣವಿದೆ. ಅದು ಮುಂದೆ ಬರುತ್ತದೆ.

1977ರಲ್ಲಿ ಕಲಬುರ್ಗಿಗೆ, 1981ರ ನವೆಂಬರ್ 1ರಂದು ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು. 1984ರ ಸುಮಾರಿಗೆ ದೇಶದ ಸಣ್ಣ ಪಟ್ಟಣಗಳಲ್ಲೆಲ್ಲ ಕಡಿಮೆ ಶಕ್ತಿಯ ಪ್ರಸಾರ ಗೋಪುರಗಳು ಎದ್ದವು. ಅವು ಮರುಪ್ರಸಾರ ಮಾಡುತ್ತಿದ್ದದ್ದು ಹೆಚ್ಚಾಗಿ ದಿಲ್ಲಿಯ ಹಿಂದಿ ಕಾರ್ಯಕ್ರಮಗಳನ್ನೇ. ಗೋಪುರದಿಂದ ದೂರದ ಊರುಗಳಲ್ಲಿ ಮಾಳಿಗೆಯ ಮೇಲೆ ಎತ್ತರದ ಕೋಲು ನಿಲ್ಲಿಸಿ, ಅಲ್ಯೂಮಿನಿಯಂ ಆಂಟೆನಾ ಕಟ್ಟಿ, ಬೂಸ್ಟರ್ ಹಚ್ಚಿ, ಒಬ್ಬ ಮೇಲೆ ತಿರುಗಿಸುತ್ತಿದ್ದರೆ ಇನ್ನೊಬ್ಬ ಕೆಳಗಿನಿಂದ "ಬಂತು, ಬಂತು, ಹೋತು" ಎಂದು ಕೂಗಬೇಕು. 1987ರ ಜನವರಿ 25ರಂದು 'ರಾಮಾಯಣ', ಮರುವರ್ಷದ ಅಕ್ಟೋಬರ್ 2ರಂದು 'ಮಹಾಭಾರತ' ಶುರುವಾದ ಮೇಲೆ ರವಿವಾರ ಮುಂಜಾನೆ ಟಿವಿ ಇದ್ದವರ ಪಡಸಾಲೆ ಅವರದಾಗಿ ಉಳಿಯಲಿಲ್ಲ. ಹಿಂದಿ ಬರದ ಮುದುಕಿಯರೂ ಕಥೆ ಗೊತ್ತಿದ್ದರಿಂದ ನೋಡಿದರು. ಟಿವಿಗೆ ತಿಂಗಳ ಬಾಡಿಗೆ ಕೊಡಬೇಕಾದೀತು ಎಂಬ ಕಲ್ಪನೆ ಆಗ ಯಾರಿಗೂ ಇರಲಿಲ್ಲ.

ಕೇಬಲ್‌ನ ಬೀಜ ಇದ್ದದ್ದು ವಿಡಿಯೋದಲ್ಲಿ. ಗಣಪತಿ ಹಬ್ಬಕ್ಕೆ, ಮದುವೆಗೆ ಟಿವಿ ಮತ್ತು ವಿಸಿಆರ್ ಬಾಡಿಗೆ ತಂದು ರಾತ್ರಿಯೆಲ್ಲ ಸಿನಿಮಾ ಹಚ್ಚುತ್ತಿದ್ದ ಹುಡುಗರೇ, ಒಂದು ವಿಸಿಆರ್‌ನಿಂದ ನಾಲ್ಕಾರು ಮನೆಗೆ ತಂತಿ ಎಳೆದರೆ ಹೇಗೆ ಎಂದು ಯೋಚಿಸಿದವರು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ದೊಡ್ಡ ನಗರಗಳಲ್ಲಿ ಉಪಗ್ರಹದ ವಾಹಿನಿ ನೋಡುವ ಹಂಬಲ ಹತ್ತಿತು. ಅದೇ ವರ್ಷ ಸ್ಟಾರ್, 1992ರ ಅಕ್ಟೋಬರ್‌ನಲ್ಲಿ ಝೀ ಬಂದವು. ನಮ್ಮ ಕಡೆಯ ಸಣ್ಣ ಊರುಗಳನ್ನು ಕೇಬಲ್‌ಗೆ ತಂದದ್ದು ಮಾತ್ರ 1994ರ ಜೂನ್ 1ರಂದು ಶುರುವಾದ ಉದಯ ಟಿವಿ. ಕನ್ನಡ ಸಿನಿಮಾ ದಿನಾ ನೋಡಬಹುದು ಎಂದ ಮೇಲೆ ತಂತಿ ತಾನಾಗಿಯೇ ಓಣಿಯಿಂದ ಓಣಿಗೆ ಹರಿಯಿತು.

ಈ ಧಂದೆಯ ರಚನೆಯನ್ನು ತುಸು ನಿಂತು ನೋಡಬೇಕು. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಯ ಪ್ರಕಾರ ಕೇಬಲ್ ಆಪರೇಟರ್ ಆಗಲು ಪ್ರಧಾನ ಅಂಚೆ ಕಚೇರಿಯಲ್ಲಿ ಅರ್ಜಿ ಕೊಟ್ಟು ನೋಂದಾಯಿಸಿಕೊಂಡರೆ ಸಾಕಿತ್ತು. ಮಾಳಿಗೆಯ ಮೇಲೆ ಡಿಶ್ ಆಂಟೆನಾದ ಒಂದು ದೊಡ್ಡ ಛತ್ರಿ, ಒಳಗೆ ರಿಸೀವರ್‌ಗಳ ಸಾಲು, ನಡುನಡುವೆ ಕಂಬಕ್ಕೆ ಕಟ್ಟಿದ ಆಂಪ್ಲಿಫೈಯರ್ ಡಬ್ಬಿಗಳು. ಆ ಡಬ್ಬಿಗೆ ಯಾವ ಓಣಿಯ ಕರೆಂಟ್ ಕೊಟ್ಟಿದೆಯೋ ಅಲ್ಲಿ ಲೈಟ್ ಹೋದರೆ ಮುಂದಿನ ಓಣಿಗಳಲ್ಲಿ ಕರೆಂಟ್ ಇದ್ದರೂ ಟಿವಿ ಬಂದ್. ಮಳೆಗಾಲದಲ್ಲಿ ಏಣಿ ಹೆಗಲಿಗೇರಿಸಿ ತಿರುಗುವವನನ್ನು "ಕೇಬಲ್ಲಿನವ" ಎಂದೇ ಎಲ್ಲರೂ ಕರೆದರು. ಅವನು ಅಪರಿಚಿತನಲ್ಲ, ಯಾರದೋ ಮಗ, ಯಾರದೋ ಅಳಿಯ. ತಿಂಗಳ ಮೊದಲ ವಾರ ಬಾಗಿಲಿಗೆ ಬಂದರೆ "ಹತ್ತಿ ಮಾರಿದ ಮ್ಯಾಲೆ ಕೊಡ್ತೀನಿ ತಗೋಪಾ" ಅನ್ನಬಹುದಿತ್ತು. ಅವನು ಡೈರಿಯಲ್ಲಿ ಗೆರೆ ಎಳೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ. ಹತ್ತಿ, ಕಬ್ಬು, ಸೋಯಾಬೀನ್ ಬೆಳೆಯುವ ಮನೆಗೆ ತಿಂಗಳ ಪಗಾರ ಇಲ್ಲ. ಸುಗ್ಗಿಗೆ ಒಮ್ಮೆ, ಕಾರ್ಖಾನೆಯ ಬಿಲ್ಲು ಬಂದಾಗ ಒಮ್ಮೆ ರೊಕ್ಕ ಬರುತ್ತದೆ. ಆ ಮನೆಗೂ ತಿಂಗಳ ಬಾಡಿಗೆಯ ಟಿವಿಗೂ ನಡುವೆ ಸೇತುವೆಯಾಗಿ ನಿಂತದ್ದು ಆ ಡೈರಿ.

ಇನ್ನೊಂದು ಸಂಗತಿ, ಸ್ಥಳೀಯ ವಾಹಿನಿ. ಒಂದು ಕಂಪ್ಯೂಟರ್ ಇಟ್ಟುಕೊಂಡು ಆಪರೇಟರುಗಳು ತಮ್ಮದೇ ಒಂದು ನಂಬರ್ ನಡೆಸುತ್ತಿದ್ದರು. ಜಾತ್ರೆಯ ತೇರು, ಪ್ರವಚನ, ಶಾಲೆಯ ಗ್ಯಾದರಿಂಗ್, ಬಟ್ಟೆ ಅಂಗಡಿಯ ಜಾಹೀರಾತು, ಯಾರಾದರೂ ತೀರಿಕೊಂಡರೆ ಪರದೆಯ ಕೆಳಗೆ ಓಡುವ ಅಕ್ಷರ. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, ಏರ್‌ಟೆಲ್‌ನ ಸಣ್ಣ ಛತ್ರಿಗಳು ಬಂದಾಗಲೂ ಕೇಬಲ್ ಉಳಿದದ್ದಕ್ಕೆ ಈ ವಾಹಿನಿ ಒಂದು ಕಾರಣ, ಉದ್ರಿ ಇನ್ನೊಂದು. ಛತ್ರಿಯ ಚಿತ್ರ ಚೊಕ್ಕವಾಗಿತ್ತು, ಆದರೆ ರಿಚಾರ್ಜ್ ಮುಗಿದ ಕ್ಷಣಕ್ಕೆ ಪರದೆ ಕಪ್ಪು. ಊರೊಳಗಿನವರು ಕೇಬಲ್ ಇಟ್ಟುಕೊಂಡರು, ಹೊಲದ ಮನೆಯವರು ಛತ್ರಿ ಹಾಕಿಸಿದರು.

ಆ ಹೊತ್ತಿಗೆ ಕನ್ನಡದ ವಾಹಿನಿಗಳು ತುಂಬಿದ್ದವು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಹಚ್ಚಿದ ಧಾರಾವಾಹಿಯ ಗೀಳು ಈ ವಾಹಿನಿಗಳಲ್ಲಿ ಸಂಜೆಯ ಊಟದ ವೇಳೆಯನ್ನೇ ಬದಲಿಸಿತು. ವೈಶಾಲಿ ಕಾಸರವಳ್ಳಿ ನಿರ್ದೇಶನದ 'ಮೂಡಲ ಮನೆ' ಉತ್ತರ ಕರ್ನಾಟಕದ ಮನೆತನವನ್ನು, ಮಾತನ್ನು ಪರದೆಗೆ ತಂದಾಗ ಇಲ್ಲಿನವರಿಗಾದ ಸಂತೋಷ ಅಷ್ಟಿಷ್ಟಲ್ಲ. ಅಂಥದು ವಿರಳ. ಉಳಿದಂತೆ ಪರದೆಯ ಮೇಲಿನ ಕನ್ನಡ ಬೆಂಗಳೂರು–ಮೈಸೂರಿನದು, ಉತ್ತರ ಕರ್ನಾಟಕದ ಮಾತು ಬಂದರೆ ಮನೆಗೆಲಸದವನ ಬಾಯಲ್ಲಿ, ನಗಿಸಲಿಕ್ಕೆ. ಇಪ್ಪತ್ತು ವರ್ಷ ಹಣ ಕೊಟ್ಟು ನೋಡಿದ ಜನರಿಗೆ ಆ ವಾಹಿನಿಗಳು ಮಾಡಿದ ಈ ಅನ್ಯಾಯವನ್ನು ನಾನು ಸಣ್ಣದೆಂದು ತಿಳಿದಿಲ್ಲ.

ಮುರಿತದ ದಿನಾಂಕವನ್ನು ಹೆಚ್ಚುಕಡಿಮೆ ಗುರುತಿಸಿ ಹೇಳಬಹುದು: 2017ರ ಮಾರ್ಚ್ 31. ಹಳೆಯ ಅನಲಾಗ್ ಕೇಬಲ್ಲನ್ನು ಡಿಜಿಟಲ್‌ಗೆ ಬದಲಿಸುವ ಕೇಂದ್ರದ ಕಾರ್ಯಕ್ರಮದಲ್ಲಿ ಮೊದಲು ಮಹಾನಗರಗಳು, 2013ರಲ್ಲಿ ಬೆಂಗಳೂರು, ಮೈಸೂರಿನಂಥ ನಗರಗಳು ಮುಗಿದಿದ್ದವು. ನಾಲ್ಕನೇ ಹಂತದಲ್ಲಿ ಗ್ರಾಮಾಂತರ ಭಾರತವಿತ್ತು, ಅದಕ್ಕೆ ವಿಸ್ತರಿಸಿ ಕೊಟ್ಟ ಕೊನೆಯ ಗಡುವೇ ಆ ದಿನ. ಮನೆಮನೆಗೂ ಸೆಟ್-ಟಾಪ್ ಡಬ್ಬಿ ಹಾಕಿಸಬೇಕಾಯಿತು. ಅನಲಾಗ್ ಕಾಲದಲ್ಲಿ ಆಪರೇಟರ್ ಎಷ್ಟು ಮನೆ ಎಂದು ಹೇಳುತ್ತಾನೋ ಅಷ್ಟಕ್ಕೇ ವಾಹಿನಿಗಳಿಗೆ ಹಣ ಹೋಗುತ್ತಿತ್ತು. ಡಬ್ಬಿ ಬಂದ ಮೇಲೆ ಪ್ರತಿ ಮನೆಯ ಲೆಕ್ಕ ದೊಡ್ಡ ಕಂಪನಿಯ ಕಂಪ್ಯೂಟರ್‌ನಲ್ಲಿ. ಡೈರಿಯ ಗೆರೆಗೆ ಬೆಲೆ ಉಳಿಯಲಿಲ್ಲ. ಅತ್ತ 2016ರ ಸೆಪ್ಟೆಂಬರ್ 5ರಂದು ಶುರುವಾಗಿದ್ದ ಜಿಯೋದ ಪುಕ್ಕಟೆ ಅವಧಿ ಮುಗಿದದ್ದೂ 2017ರ ಮಾರ್ಚ್ 31ಕ್ಕೇ. ಏಳು ತಿಂಗಳು ಪುಕ್ಕಟೆ ನೆಟ್ ನೋಡಿ ರೂಢಿಯಾದ ಕಣ್ಣು ಒಂದು ಕಡೆ, ಹೊಸ ಡಬ್ಬಿಯ ಖರ್ಚು ಇನ್ನೊಂದು ಕಡೆ. ಎರಡೂ ಒಂದೇ ದಿನ ಎದುರಾದವು ಎಂಬುದನ್ನು ಟಿವಿಯ ಚರಿತ್ರೆ ಬರೆಯುವವರು ಹೆಚ್ಚಾಗಿ ಗಮನಿಸಿಲ್ಲ.

2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ನಿಯಮ ಜಾರಿಯಾಯಿತು. ಬೇಕಾದ ವಾಹಿನಿಗೆ ಮಾತ್ರ ಹಣ ಕೊಡಿ ಎಂಬುದು ಅದರ ಆಶಯ, ಒಳ್ಳೆಯದೇ. ಆದರೆ 100 ವಾಹಿನಿಗಳ ಜಾಲದ ಶುಲ್ಕವೆಂದೇ ₹130, ಜಿಎಸ್‌ಟಿ ಸೇರಿ ₹153.40 ಆಗ ಮೊದಲು ಕಟ್ಟಬೇಕಿತ್ತು; ಜನಪ್ರಿಯ ಮನರಂಜನಾ ವಾಹಿನಿಗಳು ₹19ರ ಮಿತಿಗೆ ತಾಗಿ ದರ ಇಟ್ಟವು. ನಾಲ್ಕು ಕನ್ನಡ ವಾಹಿನಿ, ಕ್ರಿಕೆಟ್‌ಗೆ ಒಂದು, ಮಕ್ಕಳಿಗೆ ಒಂದು ಎಂದು ಆರಿಸುವಷ್ಟರಲ್ಲಿ ಬಿಲ್ಲು ಏರಿತು. ಆರಿಸಿದ ಪಟ್ಟಿಯನ್ನು ಬರೆದುಕೊಂಡು ಹೋಗಿ ಕಂಪ್ಯೂಟರ್‌ಗೆ ತುಂಬುವ ಕೆಲಸ ಆಪರೇಟರನ ಪಾಲಿಗೆ, ಬೈಗುಳವೂ ಅವನಿಗೇ.

ಮರುವರ್ಷ ಕೊರೊನಾ. ಶಾಲೆ ಮುಚ್ಚಿ ದೂರದರ್ಶನದ ಕನ್ನಡ ವಾಹಿನಿ ಚಂದನದಲ್ಲಿ ಪಾಠಗಳು ಬಂದಾಗ ಟಿವಿಗೆ ಕೆಲಕಾಲ ಮರ್ಯಾದೆ ಮರಳಿತು ನಿಜ. ಆದರೆ ಆನ್‌ಲೈನ್ ಕ್ಲಾಸಿಗೆಂದು ಸಾಲ ಮಾಡಿ ಕೊಂಡ ಸ್ಮಾರ್ಟ್‌ಫೋನ್ ಶಾಲೆ ತೆರೆದ ಮೇಲೆ ಮನೆಯಿಂದ ಹೊರಗೆ ಹೋಗಲಿಲ್ಲ. 2023ರ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿದಾಗ ಗಂಡಸರು ಕೇಬಲ್‌ಗೆ ಅಂಟಿಕೊಂಡಿದ್ದ ಕೊನೆಯ ಕಾರಣವೂ ಸಡಿಲಾಯಿತು. 2024ರ ಜುಲೈನಲ್ಲಿ ಮೊಬೈಲ್ ದರ ಏರಿತು. ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಯಾಕ್ ₹239ರಿಂದ ₹299ಕ್ಕೆ. ಅದರ ಆಯುಷ್ಯ 28 ದಿನ, ಅಂದರೆ ವರ್ಷಕ್ಕೆ ಹದಿಮೂರು ಸಲ. ಮೂರು ಫೋನಿರುವ ಮನೆ ಪ್ರತಿ ಸಲ ₹897 ಕಟ್ಟಬೇಕು. ಫೋನಿಲ್ಲದೆ ಹಾಲಿನ ಬಿಲ್ಲಿಲ್ಲ, ಮಗಳ ಕಾಲೇಜಿನ ಸುದ್ದಿಯಿಲ್ಲ, ಕೂಲಿಯ ಕರೆಯಿಲ್ಲ. ಹೀಗಿರುವಾಗ ಕೈಬಿಡಬಹುದಾದದ್ದು ಕೇಬಲ್ ಒಂದೇ. ಮನೆಯೊಡತಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟದ್ದು ಈ ಲೆಕ್ಕ ಹಾಕಿ.

ಇದು ಒಂದು ಸೀಮೆಯ ಕಥೆಯಷ್ಟೇ ಅಲ್ಲ. ಕೇಬಲ್ ಮತ್ತು ಛತ್ರಿ ಸೇರಿ ದೇಶದಲ್ಲಿ ಹಣ ಕೊಟ್ಟು ಟಿವಿ ನೋಡುವ ಮನೆಗಳು 2018ರಲ್ಲಿ 15.1 ಕೋಟಿ ಇದ್ದದ್ದು 2024ಕ್ಕೆ 11.1 ಕೋಟಿಗೆ ಇಳಿದವು ಎಂದು ಕೇಬಲ್ ಕಂಪನಿಗಳ ಒಕ್ಕೂಟದ ವರದಿ ಹೇಳುತ್ತದೆ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಸ್ಟ್ರೀಮಿಂಗ್ ನೋಡುವ ಸಮಯ ಮೊದಲ ಸಲ ಕೇಬಲ್ ಮತ್ತು ಸಾಂಪ್ರದಾಯಿಕ ಪ್ರಸಾರ ಎರಡನ್ನೂ ಕೂಡಿಸಿದರೂ ಅದಕ್ಕಿಂತ ಹೆಚ್ಚಾಯಿತು. ಆದರೆ ಅಲ್ಲಿನವರು ಕೇಬಲ್ ಬಿಟ್ಟು ದೊಡ್ಡ ಪರದೆಯ ಮೇಲೆ ಚಂದಾದಾರಿಕೆಯ ಸರಣಿಗಳಿಗೆ ಹೋದರು. ನೇಸರಗಿಯಲ್ಲಿ ಕೇಬಲ್ ಬಿಟ್ಟವರು ಹೋದದ್ದು ಅಂಗೈಯೊಳಗಿನ ಯೂಟ್ಯೂಬಿಗೆ.

ಯೂಟ್ಯೂಬಿಗೆ ಹೋಗದೆ ಬೇರೆ ದಾರಿಯೂ ಇರಲಿಲ್ಲ. ದೊಡ್ಡ ಓಟಿಟಿಗಳು ಕನ್ನಡಕ್ಕೆ ಕೊಟ್ಟದ್ದು ಬಹಳ ಕಡಿಮೆ. 2020ರ ಜುಲೈನಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ' ಸಿನಿಮಾಗಳು ನೇರ ಪ್ರೈಮ್ ವಿಡಿಯೋಗೆ ಬಂದಾಗ ಮೂಡಿದ ಆಸೆ ಬೆಳೆಯಲಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್‌ನ 'ಏಕಂ' ಸರಣಿಗೆ ಯಾವ ವೇದಿಕೆಯೂ ಸಿಗದೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಇನ್ನು ನಮ್ಮ ಕಡೆಯ ಕನ್ನಡಕ್ಕೆ ಅಲ್ಲಿ ಜಾಗ ಎಲ್ಲಿಯದು? ಯೂಟ್ಯೂಬಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಅವರ ಹಾಡು ಅಲ್ಲಿ ಕೋಟ್ಯಂತರ ಸಲ ಕೇಳಿಸಿಕೊಂಡ ಮೇಲೆ ದೊಡ್ಡ ವಾಹಿನಿಯ ಬಿಗ್ ಬಾಸ್ ಮನೆ ಅವರನ್ನು ಕರೆಯಿತು. ಬೈಲಹೊಂಗಲದಲ್ಲೇ ಹುಟ್ಟಿದ ಕಥೆ 'ಸಂಗ್ಯಾ ಬಾಳ್ಯಾ' ಸಣ್ಣಾಟ, ಪಾರಿಜಾತ, ಭಜನಾ ಪದ, ಡೊಳ್ಳಿನ ಹಾಡು, ಹಳ್ಳಿ ಹುಡುಗರ ಹಾಸ್ಯದ ತುಣುಕು ಎಲ್ಲ ಅಲ್ಲಿ ಸಿಗುತ್ತವೆ. ಧಾರವಾಡ ಆಕಾಶವಾಣಿಯ ನಂತರ ಈ ಸೀಮೆಯ ಮಾತು ಇಷ್ಟು ಎದೆಯುಬ್ಬಿಸಿ ಮನೆಯೊಳಗೆ ಬಂದದ್ದು ಈಗಲೇ. ಅವುಗಳಲ್ಲಿ ಕೆಲವು ಕೀಳು ದರ್ಜೆಯವು, ಮಕ್ಕಳ ಮುಂದೆ ಹಚ್ಚಲಾಗದವು. ಆದರೂ ಈ ಲಾಭವನ್ನು ಲಾಭವೆಂದೇ ಬರೆಯಬೇಕು.

ನಷ್ಟ ಬಿದ್ದದ್ದು ಮುದುಕಿಯರಿಗೆ. ಸಂಜೆ ಏಳರಿಂದ ಹತ್ತರವರೆಗಿನ ಟಿವಿ ಅವರದಾಗಿತ್ತು. ರಿಮೋಟ್‌ನ ಎರಡು ಗುಂಡಿ ಗೊತ್ತಿದ್ದರೆ ಸಾಕು, ಸೊಸೆಯೊಂದಿಗೆ ಮಾತು ಬಿಟ್ಟ ದಿನವೂ ಇಬ್ಬರೂ ಒಂದೇ ಧಾರಾವಾಹಿಯ ಮುಂದೆ ಕೂತು ಅದರೊಳಗಿನ ಅತ್ತೆಯನ್ನು ಬೈಯುತ್ತಿದ್ದರು. ಈಗ ಫೋನು ಮಗನೊಂದಿಗೆ ಹೊಲಕ್ಕೆ ಹೋಗುತ್ತದೆ. ಬಂದಾಗ ಅದರ ಅಕ್ಷರ ಸಣ್ಣದು, ಬೆರಳು ತಾಗಿದರೆ ಎಲ್ಲೋ ಜಾರುತ್ತದೆ. "ತಂಗಿ, ನಂದೊಂದ್ ಧಾರಾವಾಹಿ ಹಚ್ಚಿಕೊಡವಾ" ಎಂದು ಮೊಮ್ಮಗಳನ್ನು ಬೇಡಬೇಕು. ತಿಂಗಳ ಬಾಡಿಗೆಯಿಲ್ಲದ, ದೂರದರ್ಶನದ ಛತ್ರಿ ಸೇವೆ ಡಿಡಿ ಫ್ರೀ ಡಿಶ್ ಇವರಿಗೆ ಆಸರೆಯಾಗಬಹುದಿತ್ತು. ಆದರೆ ಹರಾಜಿನಲ್ಲಿ ಜಾಗ ಹಿಡಿದ ಖಾಸಗಿ ವಾಹಿನಿಗಳು ಬಹುಪಾಲು ಹಿಂದಿಯವು, ಕನ್ನಡವೆಂದರೆ ಮುಖ್ಯವಾಗಿ ಚಂದನ. 2025ರ ಮಾರ್ಚ್ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ತನ್ನದೇ ಓಟಿಟಿ ವೇದಿಕೆ ತರುವುದಾಗಿ ಹೇಳಿತು. ಅದರ ಜೊತೆಗೆ ಫ್ರೀ ಡಿಶ್‌ನಲ್ಲಿ ಒಂದಿಷ್ಟು ಕನ್ನಡ ಮನರಂಜನೆಗೆ ಜಾಗ ಕೇಳಿದ್ದರೆ ಈ ಮನೆಗಳಿಗೆ ಬೇಗ ಮುಟ್ಟುತ್ತಿತ್ತು.

ಇನ್ನು ಕೇಬಲ್ಲಿನವ. ಕೆಲವರು ಬೇರೆ ಕಸುಬು ಹಿಡಿದರು. ಉಳಿದವರು ಅದೇ ಕಂಬಗಳ ಮೇಲೆ ಫೈಬರ್ ಎಳೆದು, ಬೇರೆ ಕಂಪನಿಯಿಂದ ನೆಟ್ ತಂದು ಮನೆಗೆ ವೈಫೈ ಕೊಡುತ್ತಿದ್ದಾರೆ. ಒಂದು ಸಂಪರ್ಕದಲ್ಲಿ ಮನೆಯ ಎಲ್ಲ ಫೋನು, ಸ್ಮಾರ್ಟ್ ಟಿವಿ ಇದ್ದರೆ ಅದೂ ನಡೆಯುತ್ತದೆ. ಅದೂ ಮುಂಗಡದ್ದೇ; ಅವಧಿ ಮುಗಿದರೆ ಕಂಪ್ಯೂಟರ್ ತಾನೇ ಕಡಿದು ಹಾಕುತ್ತದೆ. ಆಗ ಮನೆಯವರು ಫೋನ್ ಹಚ್ಚಿ "ಕಬ್ಬಿನ ಬಿಲ್ಲ ಬಂದಿಲ್ಲಪಾ" ಅನ್ನುತ್ತಾರೆ. ಆಪರೇಟರ್ ತನ್ನ ವಾಲೆಟ್‌ನಿಂದ ಆ ಮನೆಯ ರಿಚಾರ್ಜ್ ಮಾಡಿ, ಡೈರಿ ತೆಗೆದು ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತಾನೆ.